ಲಾರಿಯ ಮುಂದಿನ ಟೈರ್: ಸವೆತವನ್ನು ಅಂಗೈಯಲ್ಲಿ ಓದುವುದು

ಲಾರಿಯ ಹಿಂದೆ ಜೋಡಿ ಟೈರ್ ಇರುತ್ತವೆ. ಒಂದು ಒಡೆದರೂ ಪಕ್ಕದ್ದು ಸ್ವಲ್ಪ ದೂರ ಭಾರ ಹೊರುತ್ತದೆ. ಮುಂದೆ ಬಲಕ್ಕೊಂದು, ಎಡಕ್ಕೊಂದು, ಅಷ್ಟೇ. ಒಡೆದರೆ ಸ್ಟೇರಿಂಗ್ ಆ ಕಡೆಗೇ ಎಳೆಯುತ್ತದೆ. ಅಮೆರಿಕದ ಟ್ರಕ್ ನಿಯಮದಲ್ಲಿ ಬೇರೆ ಟೈರ್‌ಗಳ ಮೇಲ್ಮೈಯ ಗೆರೆ ಸುಮಾರು 1.6 ಮಿ.ಮೀ. ಆಳ ಇದ್ದರೆ ಸಾಕು, ಮುಂದಿನವಕ್ಕೆ 3.2 ಮಿ.ಮೀ. ಬೇಕು.

ಸವೆದ ಟೈರ್ ಬಿಚ್ಚಿ ಹೊಸದು ಹಾಕುವುದು ಸುಲಭ. ಯಾಕೆ ಸವೆಯಿತು ಅಂತ ನೋಡದಿದ್ದರೆ ಹೊಸದೂ ಹಾಗೇ ಹಾಳಾಗುತ್ತದೆ.

ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಂಗೈಯನ್ನು ಟೈರ್ ಮೇಲೆ ಅಡ್ಡಕ್ಕೆ ಸವರಿ. ತಂತಿ ಹೊರಬಂದಿದ್ದರೆ ಮಾತ್ರ ಕೈ ಹಚ್ಚಬೇಡಿ. ಒಳಗಿನಿಂದ (ಲಾರಿಯ ಕಡೆಯಿಂದ) ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿ, ಹೊರಗಿನಿಂದ ಒಳಕ್ಕೆ ನುಣ್ಣಗಿದ್ದರೆ ಟೋ-ಇನ್ ಜಾಸ್ತಿ, ಅಂದರೆ ಎರಡೂ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿದೆ. ಉಲ್ಟಾ ಇದ್ದರೆ ಟೋ-ಔಟ್, ಅಂದರೆ ಹೊರಕ್ಕೆ ತಿರುಗಿದೆ. ಕಾಲ್ಬೆರಳು ಒಳಕ್ಕೆ ತಿರುಗಿಸಿಕೊಂಡು ನಡೆದು ನೋಡಿ, ಚಪ್ಪಲಿ ನೆಲಕ್ಕೆ ಉಜ್ಜುತ್ತದೆ ಅಲ್ವಾ? ಟೋ-ಇನ್ ಇದ್ದಾಗಲೂ ಹಾಗೇ: ಟೈರ್ ಒಳಕ್ಕೆ ಉರುಳಲು ನೋಡುತ್ತದೆ, ಲಾರಿ ಅದನ್ನು ನೇರಕ್ಕೆ ಎಳೆಯುತ್ತದೆ. ಹಾಗಾಗಿ ಗೆರೆಗಳ ನಡುವಿನ ಪ್ರತಿ ಪಟ್ಟಿಯ ಹೊರ ಅಂಚು ದುಂಡಗಾಗಿ ಒಳ ಅಂಚು ಚೂಪಾಗುತ್ತದೆ. ಚಕ್ರಗಳ ಕೋನ ಸರಿಮಾಡುವ ಅಲೈನ್‌ಮೆಂಟ್‌ಗೆ ಕಳಿಸುವ ಮೊದಲು ಟೈ ರಾಡ್ ಎಂಡ್ (ಎರಡೂ ಚಕ್ರ ಜೋಡಿಸುವ ಸ್ಟೇರಿಂಗ್ ಸರಳಿನ ತುದಿಯ ಕೀಲು) ಅಲ್ಲಾಡುತ್ತಾ ನೋಡಿ. ಅದು ಸಡಿಲವಿದ್ದರೆ ಎಷ್ಟು ಸಲ ಸರಿಮಾಡಿದರೂ ನಿಲ್ಲುವುದಿಲ್ಲ.

ಒಂದೇ ಅಂಚು ಬೋಳಾಗಿದ್ದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಮೇಲೂ ಅನುಮಾನ ಪಡಬೇಕು. ಜಾಕ್ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ. ಅಲ್ಲಾಟ ನಿಂತರೆ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್ ಸವೆದಿದೆ. ನಾನು ಇದನ್ನು ಕಲಿತ ದಿನ ಬೇರಿಂಗ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡಾಗಿತ್ತು. ಬ್ರೇಕ್ ಒತ್ತಿದ ಮೇಲೂ ಚಕ್ರ ಹಾಗೇ ಅಲ್ಲಾಡಿತು. ಬೇರಿಂಗ್ ಬಿಚ್ಚಿದ್ದರೆ ಸುಮ್ನೆ ಅರ್ಧ ದಿನ ಹಾಳಾಗುತ್ತಿತ್ತು.

ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್, ಬ್ಯಾಲೆನ್ಸ್ ನೋಡಿ. ಹೈವೇ ಲಾರಿಗಳಲ್ಲಿ ಪಟ್ಟಿಯ ಅಂಚಿನಗುಂಟ ಸಣ್ಣ ಗೆರೆಯಂತೆ ಮಾತ್ರ ಸವೆದಿದ್ದರೆ ಗಾಬರಿ ಬೇಡ, ನಿಧಾನಕ್ಕೆ ಸವೆಯುವ ರೇಡಿಯಲ್ ಟೈರ್‌ಗಳಲ್ಲಿ ಅದು ಮಾಮೂಲು.

ಪಕ್ಕದ ಗೋಡೆಯಲ್ಲಿ ಹುಬ್ಬು ಕಂಡರೆ ಒಳಗಿನ ದಾರಗಳು ಹರಿದಿರಬಹುದು. ಗೆರೆ ಎಷ್ಟೇ ಆಳವಿರಲಿ, ಆ ಟೈರನ್ನು ಅಲ್ಲೇ ಬಿಚ್ಚಿಸಿ.

ಗಾಳಿ ನೋಡುವುದು ಬೆಳಿಗ್ಗೆ, ಲಾರಿ ಹೊರಡುವ ಮುಂಚೆ. ಓಡಿ ಬಂದ ಬಿಸಿ ಟೈರ್‌ನಲ್ಲಿ ಒತ್ತಡ ಏರಿರುತ್ತದೆ. ಆಗ ಗಾಳಿ ಬಿಟ್ಟರೆ, ಆರಿದ ಮೇಲೆ ಕಡಿಮೆಯಾಗಿರುತ್ತದೆ.