ತಂಪಿನ ಲೆಕ್ಕಕ್ಕೆ ಮೊದಲು ತೇವದ ಲೆಕ್ಕ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯ ಅಕ್ಕಪಕ್ಕ ಏಳುತ್ತಿರುವ ಜವಳಿ ಮಳಿಗೆ, ಹೋಟೆಲು, ನರ್ಸಿಂಗ್ ಹೋಮುಗಳ ಮಾಲೀಕರು ಹವಾನಿಯಂತ್ರಣದ ಮಾತು ಬಂದಾಗ ಮೊದಲು ಕೇಳುವುದು "ಎಷ್ಟು ಟನ್ ಬೇಕಾದೀತು?" ಎಂದು. ಇಲ್ಲಿ ಟನ್ ಎಂದರೆ ತೂಕವಲ್ಲ, ಯಂತ್ರದ ತಣಿಸುವ ಸಾಮರ್ಥ್ಯದ ಅಳತೆ. ನೂರಿಪ್ಪತ್ತು ಚದರಡಿಗೆ ಒಂದು ಟನ್ ಎಂಬ ಬಾಯಿಲೆಕ್ಕ ಹಾಕಿ, ನಮ್ಮಲ್ಲಿ ಸೆಖೆ ಜಾಸ್ತಿ ಎಂದು ಅದರ ಮೇಲೆ ಇನ್ನೊಂದೆರಡು ಟನ್ ಸೇರಿಸುವುದು ರೂಢಿ. ಒಣಹವೆಯ ಬಯಲುಸೀಮೆಯಲ್ಲಿ ಈ ಲೆಕ್ಕ ಹೇಗೋ ನಡೆದೀತು. ಕಡಲ ಬದಿಯಲ್ಲಿ ಯಂತ್ರಕ್ಕೆ ಗಾಳಿಯನ್ನು ತಣಿಸುವ ಕೆಲಸಕ್ಕಿಂತ ಒಣಗಿಸುವ ಕೆಲಸವೇ ದೊಡ್ಡದಾಗಿರುವುದರಿಂದ, ಇಲ್ಲಿ ಅದು ಕೈಕೊಡುತ್ತದೆ.

ಒಂದು ಉದಾಹರಣೆ ನೋಡೋಣ. ಐವತ್ತು ಮಂದಿ ಕೂತು ಉಣ್ಣುವ ಹೋಟೆಲಿನ ಸಭಾಂಗಣಕ್ಕೆ ಗಂಟೆಗೆ ಸುಮಾರು 1,000 ಘನ ಮೀಟರ್ ಹೊರಗಾಳಿ ಬೇಕು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 80 ಆರ್ದ್ರತೆ ಇದ್ದು, ಒಳಗೆ 24 ಡಿಗ್ರಿ ಮತ್ತು ಶೇ. 55 ಇರಬೇಕೆಂದರೆ, ಪ್ರತಿ ಕಿಲೋಗ್ರಾಂ ಗಾಳಿಯಿಂದ ಸುಮಾರು 11 ಗ್ರಾಂ ನೀರನ್ನು ತೆಗೆಯಬೇಕಾಗುತ್ತದೆ. ಅಂದರೆ ಗಂಟೆಗೆ ಹೆಚ್ಚುಕಡಿಮೆ 13 ಲೀಟರ್. ಆ ಆರು ಡಿಗ್ರಿ ಉಷ್ಣಾಂಶ ಇಳಿಸಲು ಅರ್ಧ ಟನ್ ಸಾಕು, ಆದರೆ ಆ ನೀರನ್ನು ಇಳಿಸಲು ಎರಡೂವರೆ ಟನ್ ಬೇಕು. ಆವಿ ನೀರಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣ ಅಷ್ಟು ದೊಡ್ಡದು, ಮತ್ತು ಚದರಡಿಯ ಲೆಕ್ಕದಲ್ಲಿ ಅದು ಎಲ್ಲಿಯೂ ಕಾಣಿಸುವುದಿಲ್ಲ.

ನಿಜವಾದ ಪರೀಕ್ಷೆ ಬರುವುದು ಮೇ ತಿಂಗಳಲ್ಲಲ್ಲ, ಜುಲೈಯಲ್ಲಿ. ಹೊಡೆತದ ಮಳೆ ಹಿಡಿದಾಗ ಹೊರಗಿನ ಉಷ್ಣಾಂಶ 26ಕ್ಕೆ ಇಳಿದರೂ ಆರ್ದ್ರತೆ ಶೇ. 95 ಮುಟ್ಟುತ್ತದೆ, ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಆದರೆ ಥರ್ಮೋಸ್ಟಾಟಿಗೆ ತಿಳಿಯುವುದು ಉಷ್ಣಾಂಶ ಮಾತ್ರ. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೆಲವೇ ನಿಮಿಷಗಳಲ್ಲಿ 24 ಡಿಗ್ರಿ ಮುಟ್ಟಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ, ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ಗಾಳಿಯನ್ನು ತಣಿಸುವ ಕೊಳವೆಸುರುಳಿಯಾದ ಕಾಯಿಲ್‌ಗೆ ಅಂಟಿಕೊಂಡ ಹನಿಗಳು, ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತವೆ. ರೇಷ್ಮೆ ಸೀರೆಗಳ ಕಪಾಟಿನಲ್ಲಿ ಬೂಷ್ಟಿನ ವಾಸನೆ ಬರುವುದು, ಗಲ್ಲಾಪೆಟ್ಟಿಗೆಯ ಬಳಿಯ ರಸೀದಿ ಪುಸ್ತಕ ಮೆತ್ತಗಾಗುವುದು ಇದರಿಂದಲೇ. ಮಾಲೀಕರು ರಿಮೋಟ್ ಹಿಡಿದು 20ಕ್ಕೆ ಇಳಿಸುತ್ತಾರೆ. ಗೋಡೆ, ಗಾಜುಗಳು ಇನ್ನಷ್ಟು ತಣ್ಣಗಾಗಿ ಬಾಗಿಲಿನಿಂದ ನುಗ್ಗುವ ಗಾಳಿ ಅವುಗಳ ಮೇಲೆ ನೀರಾಗಿ ಇಳಿಯುತ್ತದೆ, ತೊಂದರೆ ಇಮ್ಮಡಿಯಾಗುತ್ತದೆ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಮಳೆಗಾಲ ಇನ್ನೂ ತಂಪಾಗಿರುವುದರಿಂದ ಕಂಪ್ರೆಸರಿಗೆ ಓಡಲು ಕಾರಣವೇ ಸಿಗದೆ ಅಲ್ಲಿನ ಮಳಿಗೆಗಳಲ್ಲಿ ಈ ಸಮಸ್ಯೆ ಮತ್ತಷ್ಟು ಕಾಡುತ್ತದೆ.

1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ರೂಪಿಸಿದ ವ್ಯವಸ್ಥೆಯಿಂದ ಆಧುನಿಕ ಹವಾನಿಯಂತ್ರಣದ ಚರಿತ್ರೆಯನ್ನು ಎಣಿಸುತ್ತಾರೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದುದೇ ಅಲ್ಲಿನ ತೊಂದರೆಯಾಗಿತ್ತು. ಆ ಮೂಲ ಉದ್ದೇಶ ನಮ್ಮ ಕರಾವಳಿಗೆ ಇವತ್ತಿಗೂ ಸರಿಯಾಗಿ ಹೊಂದುತ್ತದೆ ಎಂದು ನಾನು ನಂಬಿದ್ದೇನೆ.

ಹಾಗಾಗಿ ಹೊರಗಾಳಿಗೆ ಪ್ರತ್ಯೇಕ ಯಂತ್ರವನ್ನೇ ಇಡಬೇಕೆಂಬುದು ನನ್ನ ಖಚಿತ ಸಲಹೆ. ಆ ಯಂತ್ರವು ಗಾಳಿಯನ್ನು 12 ಡಿಗ್ರಿಯ ಆಸುಪಾಸಿಗೆ ತಣಿಸಿ, ನೀರನ್ನು ಅಲ್ಲಿಯೇ ಇಳಿಸಿ, ಒಣಗಿದ ಗಾಳಿಯನ್ನು ಒಳಗೆ ಕೊಡಬೇಕು; ಕೋಣೆಯ ಯಂತ್ರಗಳಿಗೆ ಜನ, ದೀಪ, ಬಿಸಿಲಿನ ಶಾಖವನ್ನು ನೋಡಿಕೊಳ್ಳುವ ಕೆಲಸವಷ್ಟೇ ಉಳಿಯಬೇಕು. ಮಳೆಗಾಲದಲ್ಲಿ 12 ಡಿಗ್ರಿಯ ಗಾಳಿ ಚಳಿ ಹುಟ್ಟಿಸುವುದರಿಂದ ಅದನ್ನು ಮತ್ತೆ ತುಸು ಬಿಸಿ ಮಾಡಬೇಕಾಗುತ್ತದೆ. ಕಾರವಾರದಲ್ಲಿ ಹೀಟಿಂಗ್ ಏಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ. ಆ ಶಾಖವನ್ನು ವಿದ್ಯುತ್ ಹೀಟರಿನಿಂದ ಪಡೆಯುವುದು ದುಂದು. ಕಂಪ್ರೆಸರ್ ಹೊರಗೆ ಚೆಲ್ಲುವ ಶಾಖವನ್ನೇ ಎರಡನೆಯ ಕಾಯಿಲ್‌ಗೆ ತಿರುಗಿಸಿದರೆ ಕೆಲಸವಾಗುತ್ತದೆ. ಹೊರಹೋಗುವ ತಣ್ಣನೆಯ ಒಣಗಾಳಿಯ ಜೊತೆ ಒಳಬರುವ ಗಾಳಿ ಶಾಖವನ್ನೂ ತೇವವನ್ನೂ ವಿನಿಮಯ ಮಾಡಿಕೊಳ್ಳುವ ಚಕ್ರವನ್ನು ಅಳವಡಿಸಿದರೆ ಯಂತ್ರದ ಗಾತ್ರವೂ ಗಣನೀಯವಾಗಿ ಇಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಅಡುಗೆಮನೆ ಮತ್ತು ಶೌಚಾಲಯದ ಎಕ್ಸಾಸ್ಟ್ ಫ್ಯಾನುಗಳು ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚು ಗಾಳಿಯನ್ನು ಹೊರಗೆ ಎಳೆದರೆ, ಆ ಕೊರತೆಯನ್ನು ಬಾಗಿಲ ಸಂದು, ಫಾಲ್ಸ್ ಸೀಲಿಂಗಿನ ಮೇಲಿನ ತೂತುಗಳ ಮೂಲಕ ಬರುವ ಹಸಿಗಾಳಿ ತುಂಬುತ್ತದೆ. ಹೊರಗಾಳಿಯ ಇಬ್ಬನಿ ಬಿಂದು, ಅಂದರೆ ಅದರಲ್ಲಿರುವ ಆವಿ ನೀರಾಗತೊಡಗುವ ಉಷ್ಣಾಂಶ, 26 ಡಿಗ್ರಿಯಿದ್ದು, ಯಂತ್ರದಿಂದ ತಣಿಸಿದ ನೀರನ್ನು ಒಯ್ಯುವ ಪೈಪು 7 ಡಿಗ್ರಿಯಲ್ಲಿರುವಾಗ, ಇನ್ಸುಲೇಷನ್ನಿನ ಒಂದು ಜೋಡಣೆ ಬಿಚ್ಚಿದ್ದರೂ ಸಾಕು, ಅಲ್ಲಿಂದ ತೊಟ್ಟಿಕ್ಕತೊಡಗುತ್ತದೆ. ಒಳಕ್ಕೆ ಕೊಡುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರುವಂತೆ ನಕ್ಷೆಯ ಹಂತದಲ್ಲಿಯೇ ಕೂಡಿ ಕಳೆದು ನೋಡಬೇಕು.

ಇನ್ನು ಉಪ್ಪು. ಕಡಲಿಗೆ ಎದುರಾಗಿಟ್ಟ ಔಟ್‌ಡೋರ್ ಯೂನಿಟ್ಟಿನ ಹಿಂಬದಿಯನ್ನು ನೋಡಿದರೆ, ತಾಮ್ರದ ಕೊಳವೆಯನ್ನು ಅಲ್ಯೂಮಿನಿಯಂನ ತೆಳು ಹಾಳೆಗಳು (ಫಿನ್ನುಗಳು) ಮುಟ್ಟುವಲ್ಲಿ ಬಿಳಿಯ ಪುಡಿ ಕಾಣಿಸುತ್ತದೆ, ಬೆರಳು ತಾಗಿಸಿದರೆ ಫಿನ್ನು ಉದುರುತ್ತದೆ. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತಾಗ ಅಲ್ಯೂಮಿನಿಯಂ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಇಲ್ಲಿ ಮಳೆ ವೈರಿಯಲ್ಲ. ಅದು ಉಪ್ಪನ್ನು ತೊಳೆಯುತ್ತದೆ. ಮಧ್ಯಾಹ್ನದ ಕಡಲಗಾಳಿ ಬೀಸುವ, ಮಳೆಯಿಲ್ಲದ ಬೇಸಿಗೆಯ ತಿಂಗಳುಗಳಲ್ಲಿ, ಅದರಲ್ಲೂ ಮಾಡಿನ ಮರೆಯಲ್ಲಿಟ್ಟ ಯೂನಿಟ್ಟುಗಳಲ್ಲಿ, ಸವೆತ ಜೋರು. ಯೂನಿಟ್ಟುಗಳನ್ನು ಕಟ್ಟಡದ ಪೂರ್ವಕ್ಕೆ ಇರಿಸಿ, ಕಾರ್ಖಾನೆಯಲ್ಲಿಯೇ ಎಪಾಕ್ಸಿ ಲೇಪನವಾದ ಕಾಯಿಲ್ ಕೇಳಿ ತರಿಸಿ, ಪಕ್ಕದಲ್ಲೇ ಸಿಹಿನೀರಿನ ನಲ್ಲಿಯೊಂದನ್ನು ನಕ್ಷೆಯಲ್ಲಿ ಗುರುತಿಸಬೇಕು. ನಲ್ಲಿ ಹತ್ತಿರವಿಲ್ಲದಿದ್ದರೆ ಯಾರೂ ಕಾಯಿಲ್ ತೊಳೆಯುವುದಿಲ್ಲ.