ಹಿಮೋಗ್ಲೋಬಿನ್ ಸರಿ ಇತ್ತು, ಕಾಲು ಜೋಮು ಹೋಗಲಿಲ್ಲ

ದಾವಣಗೆರೆಯ ನಮ್ಮ ದೊಡ್ಡಮ್ಮನಿಗೆ ಎರಡು ವರ್ಷ ಪಾದ ಜೋಮು ಹಿಡಿಯುತ್ತಿತ್ತು. ಹೋದಲ್ಲೆಲ್ಲ ಹಿಮೋಗ್ಲೋಬಿನ್ ನೋಡಿ 'ರಕ್ತ ಪರವಾಗಿಲ್ಲಮ್ಮ' ಎಂದು ಕಳಿಸುತ್ತಿದ್ದರು. ಕೊನೆಗೆ ದುಡ್ಡು ಕೊಟ್ಟು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದಾಗಲೇ ಕಾರಣ ಗೊತ್ತಾಗಿದ್ದು: ಆ ವಿಟಮಿನ್ನಿನ ಕೊರತೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಹಳ ಕಾಲ ಇದ್ದದ್ದು ಸಾಹ್ಲಿ ವಿಧಾನ. ಬೆರಳು ಚುಚ್ಚಿ, ಆಮ್ಲ ಹಾಕಿದ ಗಾಜಿನ ಕೊಳವೆಗೆ ರಕ್ತ ಬಿಡುತ್ತಿದ್ದರು. ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಪಕ್ಕದ ಕಂದು ಗಾಜಿಗೆ ಹೊಂದುವ ತನಕ ಹನಿ ಹನಿ ನೀರು. ನೀರು ಮುಟ್ಟಿದ ಗೆರೆಯೇ ಹಿಮೋಗ್ಲೋಬಿನ್ ಲೆಕ್ಕ. ರಕ್ತ ಎಷ್ಟು ಕಮ್ಮಿ ಎಂದು ಅದು ಹೇಳುತ್ತದೆ. ಯಾಕೆ ಕಮ್ಮಿ ಎಂದು ಹೇಳುವುದಿಲ್ಲ.

ಆ 'ಯಾಕೆ'ಯನ್ನು ಹುಡುಕಿಕೊಂಡು 1928ರಲ್ಲಿ ಬಾಂಬೆಗೆ ಬಂದವರು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್. ಬಟ್ಟೆ ಮಿಲ್ಲಿನ ಬಡ ಗರ್ಭಿಣಿಯರ ರಕ್ತದಲ್ಲಿ ಕೆಂಪು ಕಣಗಳು ದೊಡ್ಡದಾಗಿದ್ದವು. ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತದೆ, ಹಾಗಾಗಿ ಇದು ಬೇರೆಯದೇ ಕಾಯಿಲೆ. ಯೀಸ್ಟ್ ಸಾರ ಕೊಟ್ಟಾಗ ಚೇತರಿಸಿಕೊಂಡರು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ ಎಂಬ ವಿಟಮಿನ್ ಎಂದು ಆಮೇಲೆ ತಿಳಿಯಿತು. ಹತ್ತಿ ಮಿಲ್ಲುಗಳ ಊರಲ್ಲಿ ಬೆಳೆದ ನನಗೆ ಆ ಹೆಂಗಸರು ದೂರದವರು ಅನ್ನಿಸುವುದಿಲ್ಲ.

ಕಮ್ಮಿಯಾದರೆ ಕಣಗಳು ಹೀಗೇ ದೊಡ್ಡದಾಗುವ ಇನ್ನೊಂದು ವಿಟಮಿನ್ ಬಿ12 ಸಿಕ್ಕಿದ್ದು 1948ರಲ್ಲಿ. ಅಳೆಯುವುದು ಸುಲಭವಿರಲಿಲ್ಲ. ಬಿ12 ಇಲ್ಲದೆ ಬೆಳೆಯದ ಬ್ಯಾಕ್ಟೀರಿಯಾಕ್ಕೆ ರೋಗಿಯ ರಕ್ತದ ಸೀರಮ್ ಕೊಟ್ಟು, ಎಷ್ಟು ಬೆಳೆಯಿತು ಎಂದು ನೋಡುತ್ತಿದ್ದರು. ಈಗ ಅದಕ್ಕೆ ಯಂತ್ರ ಬಂದಿದೆ, ಆದರೆ ದೊಡ್ಡ ಲ್ಯಾಬ್ ಬೇಕು.

ಹಾಗಾಗಿ ಸರ್ಕಾರ 1970ರಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚಲು ಶುರು ಮಾಡಿದಾಗ ಒಬ್ಬೊಬ್ಬರ ವಿಟಮಿನ್ ಅಳೆಯುತ್ತಾ ಕೂರಲಿಲ್ಲ. ಅದು ಸರಿಯೇ, ಕಾಯುತ್ತಾ ಕೂತಿದ್ದರೆ ತಾಯಂದಿರು ಉಳಿಯುತ್ತಿರಲಿಲ್ಲ. ಆದರೆ ಆ ಮಾತ್ರೆಯಲ್ಲಿ ಬಿ12 ಇಲ್ಲ. ಜೋಳದ ರೊಟ್ಟಿ, ಮುದ್ದೆ, ಸೊಪ್ಪಿನ ಸಾರಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಇನ್ನೊಂದು ತೊಡಕು: ಫೋಲಿಕ್ ಆಮ್ಲ ಜಾಸ್ತಿ ಸಿಕ್ಕರೆ ರಕ್ತ ಸುಧಾರಿಸಬಹುದು, ಬಿ12 ಕೊರತೆ ಮಾತ್ರ ಸದ್ದಿಲ್ಲದೆ ನರಗಳನ್ನು ಹಾಳು ಮಾಡುತ್ತಿರುತ್ತದೆ.

ದೇಶದ ಮಕ್ಕಳ ರಕ್ತದಲ್ಲಿ ಇದನ್ನೆಲ್ಲ ದೊಡ್ಡ ಮಟ್ಟದಲ್ಲಿ ಅಳೆದದ್ದು 2016–18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ. ಹದಿಹರೆಯದವರಲ್ಲಿ ಶೇ 31 ಮಂದಿಗೆ ಬಿ12 ಕೊರತೆ, ಶೇ 37 ಮಂದಿಗೆ ಫೋಲೇಟ್ (ಅಂದರೆ ಫೋಲಿಕ್ ಆಮ್ಲದ) ಕೊರತೆ. ಕಡಿಮೆಯೇನಲ್ಲ ಅಲ್ವಾ?

ಎಲ್ಲರಿಗೂ ಬಿ12 ಪರೀಕ್ಷೆ ಆಗದಿರಬಹುದು. ಆದರೆ ರಕ್ತ ಕಣಗಳ ಎಣಿಕೆಯ ಚೀಟಿಯಲ್ಲಿ ಎಂಸಿವಿ ಎಂಬ ಸಾಲು ಇರುತ್ತದೆ. ಅದು ಕೆಂಪು ಕಣದ ಗಾತ್ರ, 100 ದಾಟಿದ್ದರೆ ಡಾಕ್ಟರನ್ನು ಬಿ12 ಬಗ್ಗೆ ಕೇಳಲೇಬೇಕು. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಆ ಅಂಕಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಕೈಕಾಲು ಜೋಮು ಹಿಡಿಯುತ್ತಿದ್ದರೆ, ಅಂಕಿ ಏನೇ ಇರಲಿ, ಅದನ್ನು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.