ಯೋಗ್ಯಕರ್ತದ ಅರಮನೆಗೆ ಅಧಿಕಾರ ಉಳಿದದ್ದು ಹೇಗೆ

ಜಾವಾದ ನಡುಭಾಗದಲ್ಲಿ, ಸುಮಾರು 60 ಕಿಲೋಮೀಟರ್ ಅಂತರದಲ್ಲಿ, ಒಂದೇ ರಾಜವಂಶದ ಎರಡು ಅರಮನೆಗಳಿವೆ. ಒಂದು ಸುರಕರ್ತದ್ದು, ಇನ್ನೊಂದು ಯೋಗ್ಯಕರ್ತದ್ದು. ಕ್ರತೋನ್ ಎಂದು ಕರೆಯುವ ಈ ಅರಮನೆಗಳಿಗೆ ಟಿಕೆಟ್ ಪಡೆದು ಒಳಹೋದವರಿಗೆ ಎರಡೂ ಕಡೆ ತೆರೆದ ಮಂಟಪಗಳು, ಗಮೆಲಾನ್ ವಾದ್ಯಮೇಳ, ಬಾತಿಕ್ ಉಟ್ಟ ಸೇವಕರು ಕಾಣಸಿಗುತ್ತಾರೆ. ಆದರೆ ಯೋಗ್ಯಕರ್ತದ ಸುಲ್ತಾನರು ಇಂಡೊನೇಷ್ಯಾ ಗಣರಾಜ್ಯದ ಒಂದು ಪ್ರಾಂತ್ಯಕ್ಕೆ ಇಂದಿಗೂ ಗವರ್ನರ್ ಆಗಿದ್ದಾರೆ. ಸುರಕರ್ತದ ಅರಮನೆಗೆ ಆಡಳಿತದಲ್ಲಿ ಯಾವ ಪಾಲೂ ಉಳಿದಿಲ್ಲ.

ಈ ಎರಡು ಮನೆಗಳು ಬೇರೆಯಾದದ್ದು 1755ರ ಫೆಬ್ರುವರಿ 13ರಂದು. ಜಾವಾದ ನಡುಭಾಗವನ್ನು ಆಳುತ್ತಿದ್ದ ಮತರಾಂ ರಾಜ್ಯದ ಉತ್ತರಾಧಿಕಾರದ ಕಲಹ ವರ್ಷಗಟ್ಟಲೆ ಎಳೆದ ಮೇಲೆ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಮಧ್ಯಸ್ಥಿಕೆಯಲ್ಲಿ ಗಿಯಾಂತಿ ಒಪ್ಪಂದವಾಯಿತು. ಮೂರನೇ ಪಾಕುಬುವೊನೊ ಸುರಕರ್ತವನ್ನು ಉಳಿಸಿಕೊಂಡರು. ಬಂಡೆದ್ದಿದ್ದ ರಾಜಕುಮಾರ ಮಂಗ್ಕುಬುಮಿ ಅರ್ಧ ರಾಜ್ಯ ಪಡೆದು ಮೊದಲನೇ ಹಮೆಂಗ್ಕುಬುವೊನೊ ಎನಿಸಿದರು. ಉತ್ತರದ ಮೆರಾಪಿ ಜ್ವಾಲಾಮುಖಿಗೂ ದಕ್ಷಿಣದ ಸಮುದ್ರಕ್ಕೂ ನಡುವೆ ಎಳೆದ ಕಲ್ಪಿತ ರೇಖೆಯ ಮೇಲೆ ಅವರು ಅರಮನೆಯನ್ನೂ ಅದರ ಸುತ್ತ ನಗರವನ್ನೂ ಕಟ್ಟಿಸಿದರು. ಆ ರೇಖೆ ಮತ್ತು ಅದರ ಮೇಲಿನ ಕಟ್ಟಡಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

1812ರ ಜೂನ್‌ನಲ್ಲಿ ಆಗ ಜಾವಾವನ್ನು ಆಳುತ್ತಿದ್ದ ಬ್ರಿಟಿಷ್ ಅಧಿಕಾರಿ ರಾಫಲ್ಸ್‌ನ ಪಡೆ ಈ ಅರಮನೆಯ ಕೋಟೆಗೆ ನುಗ್ಗಿತು. ಆ ಪಡೆಯಲ್ಲಿ ಬಂಗಾಳದ ಸಿಪಾಯಿಗಳೂ ಇದ್ದರೆಂಬುದನ್ನು ಭಾರತೀಯರು ನೆನಪಿಡುವುದು ಕಡಿಮೆ. ಎರಡನೇ ಹಮೆಂಗ್ಕುಬುವೊನೊ ಅವರನ್ನು ಪೆನಾಂಗ್‌ಗೆ ಗಡೀಪಾರು ಮಾಡಲಾಯಿತು. ಖಜಾನೆಯೊಂದಿಗೆ ಗ್ರಂಥಾಲಯವೂ ಲೂಟಿಯಾಯಿತು. 2019ರಲ್ಲಿ ಬ್ರಿಟಿಷ್ ಲೈಬ್ರರಿ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳನ್ನು ಈಗಿನ ಸುಲ್ತಾನರಿಗೆ ಒಪ್ಪಿಸಿತು. ಮೂಲಗಳು ಲಂಡನ್ನಿನಲ್ಲೇ ಇವೆ.

ಇದೇ ಮನೆತನದ ರಾಜಕುಮಾರ ಡಿಪೊನೆಗೊರೊ 1825ರಿಂದ 1830ರವರೆಗೆ ಡಚ್ಚರ ವಿರುದ್ಧ ನಡೆಸಿದ ಯುದ್ಧ ಸೋಲಿನಲ್ಲಿ ಕೊನೆಗೊಂಡಾಗ, ದೊರೆಗಳ ಕೈಯಲ್ಲಿದ್ದ ಹೊರವಲಯದ ಸೀಮೆಗಳೂ ಹೋದವು. ಆಳಲು ಹೆಚ್ಚೇನೂ ಉಳಿಯದ ಆಸ್ಥಾನಗಳು ತಮ್ಮ ಘನತೆಯನ್ನು ಕಲೆ ಮತ್ತು ಆಚರಣೆಗಳಲ್ಲಿ ತೋರತೊಡಗಿದವು. ಇಂದು ಪ್ರವಾಸಿ ಅನಾದಿಕಾಲದ್ದೆಂದು ಭಾವಿಸುವ ವೈಭವದಲ್ಲಿ ಎಷ್ಟೋ ಭಾಗ ಮೈತುಂಬಿಕೊಂಡದ್ದು ಈ ಪರಾಧೀನತೆಯ ಕಾಲದಲ್ಲಿ. ಎಂಟನೇ ಹಮೆಂಗ್ಕುಬುವೊನೊ (1921–39) ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಆಡಿಸುವ ವಯಾಂಗ್ ವೊಂಗ್ ಎಂಬ ನೃತ್ಯನಾಟಕವನ್ನು ದಿನಗಟ್ಟಲೆ ನಡೆಯುವ ಪ್ರದರ್ಶನವಾಗಿ ಬೆಳೆಸಿದರು. ಅರ್ಜುನನೂ ಭೀಮನೂ ಕುಣಿದ ಆ ಅಂಗಳ ಮುಸ್ಲಿಂ ದೊರೆಯದು. ಅಲ್ಲಿ ಅದು ಅಸಂಗತವೆನಿಸಲಿಲ್ಲ. ಪ್ರವಾದಿಯ ಜನ್ಮದಿನದ ಸೆಕಾತೆನ್ ಹಬ್ಬದಲ್ಲಿ ಗುಂತುರ್‌ಮಡು, ನಾಗವಿಲಗ ಎಂಬ ಎರಡು ಪವಿತ್ರ ಗಮೆಲಾನ್‌ಗಳನ್ನು ಈಗಲೂ ದೊಡ್ಡ ಮಸೀದಿಯ ಅಂಗಳಕ್ಕೆ ಒಯ್ದು ನುಡಿಸುತ್ತಾರೆ. ಆಸ್ಥಾನದ ನೃತ್ಯ ಗೋಡೆಯಾಚೆಯ ಜನರಿಗೆ ದಕ್ಕಿದ್ದು 1918ರಲ್ಲಿ, ಅರಮನೆಯ ರಾಜಕುಮಾರರೇ ಕ್ರಿದಾ ಬೆಕ್ಸಾ ವಿರಾಮಾ ಎಂಬ ನೃತ್ಯಶಾಲೆ ತೆರೆದಾಗ.

ಮರಳು ಹಾಸಿದ ಅಂಗಳಗಳಲ್ಲಿ ಇಂದು ಎದುರಾಗುವ ಅಬ್ದಿ ದಾಲೆಂ ಎಂಬ ಸೇವಕರು ಬರಿಗಾಲಲ್ಲಿ, ತಲೆಗೆ ಬ್ಲಾಂಗ್ಕೋನ್ ಧರಿಸಿ ಓಡಾಡುತ್ತಾರೆ. ಅವರಿಗೆ ಸಿಗುವ ಗೌರವಧನ ತೀರ ಅಲ್ಪ; ಸೇವೆಯ ಮರ್ಯಾದೆಗಾಗಿಯೇ ಬಹಳ ಜನ ಬರುತ್ತಾರೆ. ಬೆಳಗಿನ ವೇಳೆ ಸಂದರ್ಶಕರಿಗಾಗಿ ಗಮೆಲಾನ್, ನೃತ್ಯ ಅಥವಾ ಬೊಂಬೆಯಾಟದ ಪ್ರದರ್ಶನವಿರುತ್ತದೆ. ಸುಲ್ತಾನರ ಕುಟುಂಬ ವಾಸವಿರುವ ಭಾಗಕ್ಕೆ ಪ್ರವೇಶವಿಲ್ಲ.

ಎರಡು ಅರಮನೆಗಳ ದಾರಿ ಕವಲೊಡೆದದ್ದು 1945ರಲ್ಲಿ ಇಂಡೊನೇಷ್ಯಾದ ಸ್ವಾತಂತ್ರ್ಯ ಘೋಷಣೆಯ ಬೆನ್ನಿಗೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಓದಿ 1940ರಲ್ಲಿ ಪಟ್ಟಕ್ಕೆ ಬಂದಿದ್ದ ಒಂಬತ್ತನೇ ಹಮೆಂಗ್ಕುಬುವೊನೊ, 1945ರ ಸೆಪ್ಟೆಂಬರ್ 5ರಂದು ತಮ್ಮ ರಾಜ್ಯ ಗಣರಾಜ್ಯದ ಭಾಗವೆಂದು ಸಾರಿದರು. ಸುರಕರ್ತದ ದೊರೆಯೂ ಬೆಂಬಲ ಘೋಷಿಸಿದ್ದರು, ಆದರೆ ಅಲ್ಲಿ ಅರಮನೆಯ ವಿರುದ್ಧವೇ ಚಳವಳಿ ಎದ್ದು, 1946ರಲ್ಲಿ ಅದರ ವಿಶೇಷ ಸ್ಥಾನ ರದ್ದಾಯಿತು. ಅದೇ ವರ್ಷದ ಆರಂಭದಲ್ಲಿ ಯೋಗ್ಯಕರ್ತ ಗಣರಾಜ್ಯದ ರಾಜಧಾನಿಯಾಗಿತ್ತು. 1948ರ ಕೊನೆಯಲ್ಲಿ ಡಚ್ಚರು ನಗರವನ್ನು ಹಿಡಿದಾಗ ಸುಲ್ತಾನರು ಅರಮನೆ ಬಿಡದೆ, ಅವರೊಂದಿಗೆ ಸಹಕರಿಸಲೂ ಒಪ್ಪದೆ ಕುಳಿತರು. 1949ರಲ್ಲಿ ಸ್ಥಾಪನೆಯಾದ ಗಜ ಮದಾ ವಿಶ್ವವಿದ್ಯಾಲಯದ ತರಗತಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಅರಮನೆಯ ಮುಂಭಾಗದ ಮಂಟಪಗಳಲ್ಲಿ ನಡೆದವು. ಯೋಗ್ಯಕರ್ತದ ಜನ ಸುಲ್ತಾನರ ಪರ ನಿಂತದ್ದಕ್ಕೆ ಪ್ರಾಚೀನತೆಗಿಂತ ಈ ನಾಲ್ಕೈದು ವರ್ಷಗಳ ನಡವಳಿಕೆಯೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಆ ಋಣವನ್ನು 2012ರ 13ನೇ ಕಾನೂನು ಅಧಿಕೃತಗೊಳಿಸಿತು. ಸಿಂಹಾಸನದಲ್ಲಿರುವ ಸುಲ್ತಾನರು ಯಾವ ಪಕ್ಷದ ಸದಸ್ಯರೂ ಆಗಿರಕೂಡದೆಂಬ ಷರತ್ತಿನೊಂದಿಗೆ, ಚುನಾವಣೆಯಿಲ್ಲದೆ ಐದು ವರ್ಷಕ್ಕೊಮ್ಮೆ ಗವರ್ನರ್ ಆಗುತ್ತಾರೆ. 1989ರಿಂದ ಪಟ್ಟದಲ್ಲಿರುವ ಹತ್ತನೇ ಹಮೆಂಗ್ಕುಬುವೊನೊ ಅವರಿಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. 2015ರಲ್ಲಿ ಅವರು ಹಿರಿಯ ಮಗಳಿಗೆ, ಮೊದಲ ಸುಲ್ತಾನರು ಪಟ್ಟಕ್ಕೆ ಮುನ್ನ ಹೊತ್ತಿದ್ದ ಮಂಗ್ಕುಬುಮಿ ಎಂಬ ಬಿರುದು ಕೊಟ್ಟಾಗ, ಇದು ಹೆಣ್ಣಿಗೆ ಪಟ್ಟ ಕಟ್ಟುವ ಸಿದ್ಧತೆಯೆಂದು ಅವರ ಸಹೋದರರು ಬಹಿರಂಗವಾಗಿ ವಿರೋಧಿಸಿದರು. ಗವರ್ನರ್ ಅಭ್ಯರ್ಥಿ ಗಂಡೇ ಆಗಿರಬೇಕೆಂಬ ಅರ್ಥ ಬರುವಂತಿದ್ದ ಕಾನೂನಿನ ಮಾತುಗಳನ್ನು 2017ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತೆಗೆದುಹಾಕಿದೆ. ಹೆಣ್ಣೊಬ್ಬಳು ಸುಲ್ತಾನಳಾಗಬಹುದೇ ಎಂಬುದನ್ನು ಮಾತ್ರ ನ್ಯಾಯಾಲಯ ಅರಮನೆಯ ಒಳವ್ಯವಹಾರಕ್ಕೇ ಬಿಟ್ಟಿದೆ.